ಕಲ್ಮರಿಗೆಯ ನೀರು

ಮರವೆ ಎಂದು ಬಾಯಿಗೆ ಬರುತ್ತದೆ. ಅದು ನನಗೆ ಬಂದಿರುವುದರ ಹೆಸರು, ಆ ವಸ್ತುವಿನದಲ್ಲ. ಕಲ್ಲಿನಲ್ಲಿ ಕಡೆದದ್ದು, ಮೆಟ್ಟಿಲಿನ ಪಕ್ಕ ಇರುತ್ತಿತ್ತು. ಹೊರಗಿನಿಂದ ಬಂದವರು ಅದರ ನೀರಿನಲ್ಲಿ ಕಾಲು ತೊಳೆದು ಒಳಗೆ ಹೋಗುತ್ತಿದ್ದರು. ನಮ್ಮ ಕರಾವಳಿಯಲ್ಲಿ ಮನೆಮನೆಗೂ ಇತ್ತು. ತೊಟ್ಟಿ ಎಂದರೆ ಅಷ್ಟು ದೊಡ್ಡದಲ್ಲ. ದೋಣಿ ಎನ್ನೋಣವೆಂದರೆ ಕತೆಯಲ್ಲಿ ನಿಜವಾದ ದೋಣಿಯೇ ಬರುತ್ತದೆ, ಗೊಂದಲವಾಗುತ್ತದೆ. ಈ ಜಬಲ್ಪುರದಲ್ಲಿ ಯಾರನ್ನು ಕೇಳುವುದು? ಪಕ್ಕದಲ್ಲಿ ಕೂತ ಮೊಮ್ಮಗಳು ಮೇದಿನಿ ಹುಟ್ಟಿದ್ದೇ ಇಲ್ಲಿ. ಮರಗಿ. ಮರಿಗೆ. ಕಲ್ಮರಿಗೆ. ಹಾಂ, ಕಲ್ಮರಿಗೆ. ಇನ್ನು ಕತೆ ಬರೆಯಬಹುದು.

ಶಿಷ್ಯನೊಬ್ಬ ಗುರುವಿನ ಬಳಿಗೆ ಬಂದು ಕೇಳಿದ:

"ಗುರುಗಳೇ, ದ್ವೀಪದ ದೇವಸ್ಥಾನಗಳಿಗೆಲ್ಲ ಹೋಗಿ ಬಂದೆ. ಮಸೀದಿಗಳಿಗೆಲ್ಲ ಹೋಗಿ ಬಂದೆ. ಒಂದನ್ನೂ ಬಿಡಲಿಲ್ಲ. ಆದರೂ ಮನಸ್ಸು ಹೋಗುವಾಗ ಹೇಗಿತ್ತೋ ಹಾಗೆಯೇ ಇದೆ. ನಾನು ಬಿಟ್ಟದ್ದು ಯಾವುದು?"

ಅವನು ಆಗಷ್ಟೇ ದಾರಿಯಿಂದ ಬಂದಿದ್ದ. ಬಾಗಿಲ ಬಳಿಯ ಕಲ್ಮರಿಗೆಯ ನೀರಿನಲ್ಲಿ ಕಾಲು ತೊಳೆದು, ಮುಖ ತೊಳೆದು, ಸೆಕೆಗೆ ತಲೆಗೂ ಸುರಿದುಕೊಂಡು ಒಳಗೆ ಬಂದು ಕೂತಿದ್ದ. ಅವನ ಹೆಂಡತಿ ಗಂಟು ಹೊತ್ತುಕೊಂಡು ಇನ್ನೂ ಹಿಂದೆ ಬರುತ್ತಿದ್ದಳು.

ಗುರು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಅವರು ತಲೆ ಎತ್ತಲಿಲ್ಲ. ಹೋದ ಸಲ ಇವನು ಬೆಟ್ಟದ ಗುಡಿಗಳನ್ನು ಸುತ್ತಿ ಬಂದು ಇದನ್ನೇ ಕೇಳಿದ್ದ. ಅದಕ್ಕೂ ಹಿಂದೆ ನದಿಗಳಲ್ಲಿ ಮುಳುಗಿ ಬಂದು ಇದನ್ನೇ ಕೇಳಿದ್ದ. ಆಗೆಲ್ಲ ಗುರು ಸಮಾಧಾನದಿಂದ ಉತ್ತರ ಹೇಳಿದ್ದರು. ಅವನು ಉತ್ತರವನ್ನು ಕೇಳಿ, ತಲೆದೂಗಿ, ಮುಂದಿನ ಊರಿಗೆ ಗಂಟು ಕಟ್ಟಿಸಿದ್ದ.

"ಒಂದನ್ನೂ ಬಿಡಲಿಲ್ಲ ಎನ್ನುತ್ತೀ. ಬಿಟ್ಟದ್ದು ಯಾವುದು ಎಂದೂ ಕೇಳುತ್ತೀ. ಎರಡರಲ್ಲಿ ಯಾವುದಕ್ಕೆ ಉತ್ತರ ಹೇಳಲಿ?" ಎಂದರು ಗುರು.

ಶಿಷ್ಯನಿಗೆ ಅದು ಬೈಗುಳವೆಂದು ತಿಳಿಯಲಿಲ್ಲ. ಎರಡಕ್ಕೂ ಹೇಳಬಹುದು ಎಂದ.

ಗುರು ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ಸರಿಸಿದರು. ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ, ಈ ಸಲ ಕತೆ ಹೇಳುತ್ತೇನೆ, ಮಧ್ಯೆ ಬಾಯಿ ಹಾಕಬೇಡ ಎಂದರು. ಆಮೇಲೆ ಹೇಳತೊಡಗಿದರು.

ನೀನು ಹೋಗಿ ಬಂದೆಯಲ್ಲ, ಅದೇ ದ್ವೀಪ. ಅಲ್ಲಿ ದೇವಸ್ಥಾನಗಳೂ ಇವೆ, ಮಸೀದಿಗಳೂ ಇವೆ. ಯಾವುದು ಮೊದಲು ಬಂದದ್ದು ಎಂದು ದ್ವೀಪದವರನ್ನು ಕೇಳಿದರೆ, ತೆಂಗಿನ ಮರ ಮೊದಲು ಬಂತು ಎನ್ನುತ್ತಾರೆ. ಆ ಪ್ರಶ್ನೆ ಕೇಳಿಸಿಕೊಂಡು ಅವರಿಗೂ ಸಾಕಾಗಿದೆ.

ದ್ವೀಪದಲ್ಲಿ ಎಲ್ಲಿ ಕಾಲಿಟ್ಟರೂ ಮರಳು. ಆದ್ದರಿಂದ ಪ್ರತಿ ದೇವಸ್ಥಾನದ ಮೆಟ್ಟಿಲ ಬಳಿ, ಪ್ರತಿ ಮಸೀದಿಯ ಮೆಟ್ಟಿಲ ಬಳಿ ಒಂದು ಕಲ್ಮರಿಗೆ ಇರುತ್ತದೆ. ಅದರ ಅಂಚಿನ ಮೇಲೆ ಒಂದು ತೆಂಗಿನ ಚಿಪ್ಪು, ಪಕ್ಕದಲ್ಲಿ ಒಂದು ಕೊಡ. ಗುಡಿಗಳೂ ಮಸೀದಿಗಳೂ ಎತ್ತರದಲ್ಲಿವೆ. ಬಾವಿಗಳು ತಗ್ಗಿನಲ್ಲಿವೆ. ನೀರು ಹೊರಲು ಅಲ್ಲಿ ಆಳಿಲ್ಲ. ಬಂದವನು ತನಗಿಂತ ಮೊದಲು ಬಂದವನು ತುಂಬಿಟ್ಟ ನೀರಿನಲ್ಲಿ ಕಾಲು ತೊಳೆಯಬೇಕು. ಒಳಗೆ ಹೋಗಿ ಬಂದ ಮೇಲೆ ಕೊಡ ಎತ್ತಿಕೊಂಡು ಬಾವಿಗೆ ಇಳಿದು, ತನ್ನ ನಂತರ ಬರುವವನಿಗೆ ತುಂಬಿಡಬೇಕು. ತುಂಬಿದವನು ತೊಳೆದವನ ಮುಖ ನೋಡುವುದಿಲ್ಲ. ತೊಳೆದವನು ತುಂಬಿದವನ ಹೆಸರು ಕೇಳುವುದಿಲ್ಲ. ಇದನ್ನು ಕಾಯಲು ಯಾರೂ ನಿಂತಿಲ್ಲ. ಹೊಸಬರಿಗೆ ಅಂಬಿಗನೇ ದೋಣಿಯಲ್ಲಿ ಹೇಳುತ್ತಾನೆ. ಕೇಳಿಸಿಕೊಳ್ಳುವವರು ಕೇಳಿಸಿಕೊಳ್ಳುತ್ತಾರೆ.

ದ್ವೀಪಕ್ಕೆ ಎದುರಾಗಿ ಈಚೆ ದಡದಲ್ಲಿ ಒಬ್ಬ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ತೂಕದಲ್ಲಿ ಮೋಸ ಮಾಡುತ್ತಿರಲಿಲ್ಲ, ಮಾತಿಗೆ ತಪ್ಪುತ್ತಿರಲಿಲ್ಲ. ಅವನಿಗೆ ಇದ್ದದ್ದು ಒಂದೇ ಒಂದು ಚಟ. ಯಾವ ಕೆಲಸ ಕಂಡರೂ ಮುಗಿಸಿಬಿಡೋಣ ಎನ್ನುತ್ತಿದ್ದ. ಊಟಕ್ಕೆ ಕರೆದರೆ ಮುಗಿಸಿಬಿಡೋಣ ಎನ್ನುತ್ತಿದ್ದ. ಮಗಳ ಮದುವೆಯ ದಿನವೂ ಪುರೋಹಿತರಿಗೆ ಅದನ್ನೇ ಹೇಳಿದ. ಬೇರೆಯವರ ಕೆಲಸ ನಿಧಾನವಾಗುವುದನ್ನು ನೋಡಲಾರದೆ ಅದನ್ನೂ ತಾನೇ ಮಾಡಿ ಮುಗಿಸುತ್ತಿದ್ದ. ಜನ ಅದನ್ನು ಉಪಕಾರ ಎಂದು ಹೊಗಳುತ್ತಿದ್ದರು. ಅವನೂ ಹಾಗೆಯೇ ತಿಳಿದಿದ್ದ.

ಅವನಿಗೆ ಮುದಿ ತಾಯಿ ಇದ್ದಳು. ಅವಳ ಮೇಲೆ ಒಂದು ಹರಕೆ ಉಳಿದಿತ್ತು.

ಅವನು ಚಿಕ್ಕವನಾಗಿದ್ದಾಗ ತಂದೆಯ ಜೊತೆ ದೋಣಿಯಲ್ಲಿ ಹೋದವನು ಹೊತ್ತಿಗೆ ತಿರುಗಿ ಬರಲಿಲ್ಲ. ಗಾಳಿ ಎದ್ದಿತ್ತು. ತಾಯಿ ದಡದಲ್ಲಿ ನಿಂತು ದ್ವೀಪದ ಕಡೆ ನೋಡಿದಳು. ಅಲ್ಲಿ ದೀಪಗಳು ಕಾಣುತ್ತಿದ್ದವು. ಯಾವ ದೀಪ ಗುಡಿಯದು, ಯಾವ ದೀಪ ಮಸೀದಿಯದು ಎಂದು ಅಷ್ಟು ದೂರದಿಂದ ತಿಳಿಯುವುದಿಲ್ಲ. ಅವಳು ಎಲ್ಲ ದೀಪಗಳಿಗೂ ಒಟ್ಟಿಗೆ ಕೈ ಮುಗಿದಳು. ಮಗ ತಿರುಗಿ ಬಂದರೆ ಅವನ ಕೈ ಹಿಡಿದುಕೊಂಡು ನಿಮ್ಮ ಒಬ್ಬೊಬ್ಬರ ಮನೆಯೊಳಗೂ ಬಂದು ನಿಲ್ಲುತ್ತೇನೆ ಎಂದಳು. ಕಾಣಿಕೆ ಇಲ್ಲ, ಚಿನ್ನ ಇಲ್ಲ. ಕೈ ಹಿಡಿದುಕೊಂಡು ನಿಲ್ಲುವುದು, ಅಷ್ಟೇ.

ದೋಣಿ ಬಂತು. ಮಗ ಬಂದ.

ಆಮೇಲೆ ಸಂಸಾರ. ಒಂದು ವರ್ಷ ಬಾಣಂತನ, ಒಂದು ವರ್ಷ ಸಾವು, ಒಂದು ವರ್ಷ ಮನೆ ಕಟ್ಟುವುದು. ಮಗ ದೊಡ್ಡವನಾಗಿ ವ್ಯಾಪಾರಿಯಾದ ಮೇಲೆ ತಾಯಿ ಪ್ರತಿ ವರ್ಷ ನೆನಪಿಸುತ್ತಿದ್ದಳು. ಅವನು ಪ್ರತಿ ವರ್ಷ ಮುಂದಿನ ವರ್ಷ ಎನ್ನುತ್ತಿದ್ದ. ಒಂದು ವರ್ಷ ಅವಳ ಮಂಡಿ ಹಿಡಿದುಕೊಂಡಿತು. ಈ ವರ್ಷ ಕರೆದುಕೊಂಡು ಹೋಗದಿದ್ದರೆ ಮುಂದಿನ ವರ್ಷ ನೀನು ನನ್ನನ್ನು ಹೊತ್ತುಕೊಂಡು ಹೋಗಬೇಕಾಗುತ್ತದೆ, ಅದೂ ದ್ವೀಪಕ್ಕಲ್ಲ ಎಂದಳು ತಾಯಿ. ಮಗ ಕೂಡಲೇ ಒಪ್ಪಿದ. ಸರಿ ಅಮ್ಮ, ಒಂದೇ ದಿನದಲ್ಲಿ ಮುಗಿಸಿಬಿಡೋಣ ಎಂದ.

ಅವರು ಹತ್ತಿದ್ದು ಮಳೆಗಾಲಕ್ಕೆ ಮುಂಚಿನ ಕೊನೆಯ ದೋಣಿ. ಸಂಜೆ ನೀರು ಇಳಿಯುವ ಮೊದಲು ಅದು ದ್ವೀಪ ಬಿಡಬೇಕು. ತಪ್ಪಿದರೆ ಮಳೆಗಾಲವೆಲ್ಲ ಅಲ್ಲಿಯೇ ಇರಬೇಕು. ಅಂಬಿಗ ಇದನ್ನು ಹೇಳಿದ. ಕಲ್ಮರಿಗೆಯ ಪದ್ಧತಿಯನ್ನೂ ಹೇಳಿದ. ತಾಯಿ ಎರಡನ್ನೂ ಕೇಳಿಸಿಕೊಂಡಳು. ಮಗ ಮೊದಲನೆಯದನ್ನು ಕೇಳಿಸಿಕೊಂಡ.

ದಡದ ಬಳಿಯಲ್ಲೇ ಒಂದು ಅಮ್ಮನವರ ಗುಡಿ ಇತ್ತು. ವ್ಯಾಪಾರಿ ದೋಣಿಯಿಂದ ಇಳಿದವನೇ ಆ ಕಡೆ ನಡೆದ. ತಾಯಿ ಮರಳಿನಲ್ಲಿ ಕಾಲೆಳೆಯುತ್ತ ಹಿಂದೆ ಬಂದಳು. ಅವನು ತಿರುಗಿ ನೋಡಿ, ನೀನು ನಿಧಾನವಾಗಿ ಬಾ ಅಮ್ಮ, ಅಷ್ಟರಲ್ಲಿ ನಾನು ಒಳಗೆ ಮುಗಿಸಿಬಿಡುತ್ತೇನೆ ಎಂದ.

"ಮಗಾ, ನೀನು ಹುಟ್ಟುವಾಗ ಒಂದು ಸಲ ಮಾತ್ರ ಅವಸರ ಮಾಡಲಿಲ್ಲ. ಆವತ್ತು ಮಾಡಬೇಕಿತ್ತು, ಇವತ್ತಲ್ಲ" ಎಂದಳು ತಾಯಿ.

ಅವನು ನಕ್ಕು ಮುಂದೆ ಹೋದ.

ವ್ಯಾಪಾರಿ ಮಡಿಯ ಮನುಷ್ಯ. ದೇವರ ಮುಂದೆ ಅರೆಬರೆ ತೊಳೆದ ಕಾಲಿನಲ್ಲಿ ಹೋಗುವವನಲ್ಲ. ಕಲ್ಮರಿಗೆಯ ನೀರನ್ನು ಚಿಪ್ಪಿನಲ್ಲಿ ತೆಗೆದು ಬೆರಳಸಂದಿಗಳನ್ನು ತೊಳೆದ. ಮರಳು ಹೋಗಲಿಲ್ಲವೆಂದು ಮತ್ತೆ ತೊಳೆದ. ಮೊಣಕಾಲಿನವರೆಗೆ ತೊಳೆದ, ಮುಖ ತೊಳೆದ, ತಲೆಗೆ ತಟ್ಟಿಕೊಂಡ. ಕಲ್ಮರಿಗೆಯ ತಳ ಕಂಡಿತು. ಅವನು ಶುದ್ಧನಾಗಿ ಒಳಗೆ ಹೋದ.

ತಾಯಿ ಬಂದು ನೋಡಿದರೆ ನೀರಿಲ್ಲ. ಮರಳಿನ ಕಾಲಿನಲ್ಲಿ ಮೆಟ್ಟಿಲು ಹತ್ತಬಾರದೆಂದು ಅವಳಿಗೆ ಯಾರೂ ಹೇಳಲಿಲ್ಲ. ಯಾರೂ ಹೇಳುವ ಅಗತ್ಯವೂ ಇರಲಿಲ್ಲ. ಅವಳು ಕೊಡ ಎತ್ತಿಕೊಂಡು ಬಾವಿಗೆ ಇಳಿದಳು. ತೆಂಗಿನ ನಾರಿನ ಹಗ್ಗ, ಒರಟು. ನೀರು ಸೇದಿದಳು. ಹತ್ತಿ ಬಂದು ಕಲ್ಮರಿಗೆಗೆ ಸುರಿದಳು. ಚಿಪ್ಪಿನಲ್ಲಿ ಒಂದಿಷ್ಟು ತೆಗೆದು ಕಾಲು ತೊಳೆದಳು. ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟಳು. ಆಗ ಮಗ ಹೊರಗೆ ಬಂದ. ಅವನ ಹಿಂದೆ ಅರ್ಚಕರು ಮಧ್ಯಾಹ್ನದ ಬಾಗಿಲು ಹಾಕಿದರು.

"ಮುಗಿಯಿತು ಅಮ್ಮ, ನಡಿ" ಎಂದ ಮಗ.

ನಾನು ಒಳಗೆ ಹೋಗಲಿಲ್ಲವಲ್ಲ ಎಂದಳು ತಾಯಿ. ನಿನ್ನ ಹೆಸರು ಹೇಳಿ ಪೂಜೆ ಮಾಡಿಸಿದೆ, ನಾನು ಹೋದರೆ ನೀನು ಹೋದ ಹಾಗೆಯೇ ಎಂದ ಮಗ. ಹರಕೆ ಹೊತ್ತವಳು ನಾನು ಎಂದಳು ತಾಯಿ. ಹರಕೆ ತೀರಿಸುವವನು ನಾನಲ್ಲವೇ ಎಂದ ಮಗ. ಅವನು ಸೂರ್ಯನನ್ನು ನೋಡಿ ದಿಬ್ಬದ ದಾರಿ ಹಿಡಿದಾಗಿತ್ತು.

ಶಿಷ್ಯ ಇಲ್ಲಿ ಬಾಯಿ ಹಾಕಿದ. ಆ ಅಮ್ಮನವರ ಗುಡಿಗೆ ನಾನೂ ಹೋಗಿದ್ದೆ, ಅಲ್ಲಿಯ ಅರ್ಚಕರು ಈಗಲೂ ಬಾಗಿಲು ಬೇಗ ಹಾಕುತ್ತಾರೆ ಎಂದ. ಗುರು ಅವನನ್ನು ನೋಡಿದರು. ಹೊರಗೆ ಬಾವಿಯ ರಾಟೆ ಕಿರುಗುಟ್ಟುತ್ತಿತ್ತು. ಗುರು ಅದು ನಿಲ್ಲುವವರೆಗೆ ಕಾದು ಮುಂದುವರಿಸಿದರು.

ದಿಬ್ಬದ ಮೇಲೆ ಮಸೀದಿ ಇತ್ತು. ಅದರ ಜಗಲಿಯವರೆಗೆ ಯಾರು ಬೇಕಾದರೂ ಬರಬಹುದಿತ್ತು. ಗಂಡಸರು, ಹೆಂಗಸರು, ಯಾವ ಮತದವರಾದರೂ ಸರಿ. ಹರಕೆಯವರು ಆ ಜಗಲಿಯಲ್ಲಿ ನಿಂತು ಹೇಳಿಕೊಳ್ಳುತ್ತಿದ್ದರು. ಮಸೀದಿಯನ್ನು ಒಬ್ಬ ಮುದುಕ ನೋಡಿಕೊಳ್ಳುತ್ತಿದ್ದ. ಅವನ ಒಂದು ಕಾಲು ಸೊಟ್ಟ.

ಪ್ರಾರ್ಥನೆಗೆ ಬಂದವರು ಬಾಯಿ ಮುಕ್ಕಳಿಸಿ, ಮುಖ, ಕೈ, ಕಾಲು ತೊಳೆಯುವುದನ್ನು ವ್ಯಾಪಾರಿ ನಿಂತು ನೋಡಿದ. ಅವರು ಅಂಗೈಯಲ್ಲಿ ಹಿಡಿಯುವಷ್ಟು ನೀರಿನಲ್ಲಿ ಅದನ್ನು ಮಾಡುತ್ತಿದ್ದರು. ಮಾಡಿ, ಒಳಗೆ ಹೋಗಿ ಬಂದು, ಕೊಡ ಎತ್ತುತ್ತಿದ್ದರು. ವ್ಯಾಪಾರಿ ಕೊಡದವರೆಗೆ ನೋಡಲಿಲ್ಲ. ತೊಳೆಯುವುದನ್ನು ಕಲಿತ, ಕಲಿತದ್ದನ್ನು ಅವರಿಗಿಂತ ಹೆಚ್ಚಾಗಿ ಮಾಡಿದ. ಬೇರೆಯವರ ಮನೆಗೆ ಬಂದಾಗ ಕೊರತೆ ಆಗಬಾರದು ಎಂಬುದು ಅವನ ಮನಸ್ಸಿನಲ್ಲಿತ್ತು. ಕಲ್ಮರಿಗೆ ಬರಿದಾಯಿತು.

ಮುದುಕ ಜಗಲಿಯಿಂದ ಇದನ್ನೆಲ್ಲ ನೋಡುತ್ತಿದ್ದ. ವ್ಯಾಪಾರಿ ಹತ್ತಿರ ಬಂದಾಗ ಕೇಳಿದ:

"ಅಣ್ಣಾ, ನಿಮಗೆ ಕಾಲು ಎರಡೇ ಅಲ್ಲವೇ?"

ವ್ಯಾಪಾರಿಗೆ ಅರ್ಥವಾಗಲಿಲ್ಲ. ಮುದುಕ ಏನೋ ಕಾಣಿಕೆ ಕೇಳುತ್ತಿದ್ದಾನೆ ಎಂದುಕೊಂಡು ಊದುಬತ್ತಿಯ ಕಟ್ಟನ್ನೂ ಸಕ್ಕರೆಯ ಪೊಟ್ಟಣವನ್ನೂ ಅವನ ಕೈಗಿಟ್ಟ. ಕಣ್ಣು ಮುಚ್ಚಿ ನಿಂತ. ತಾಯಿಯ ಹೆಸರು ಹೇಳಿದ, ತನ್ನ ಹೆಸರು ಹೇಳಿದ, ಹರಕೆ ಸಂದಿತು ಎಂದು ಹೇಳಿದ.

ಕೆಳಗೆ ತಾಯಿ ಬಂದಿದ್ದಳು. ಬರಿದಾದ ಕಲ್ಮರಿಗೆಯನ್ನು ನೋಡಿ ಅವಳು ನಿಟ್ಟುಸಿರು ಬಿಡಲಿಲ್ಲ, ಬೈದಳು. ಯಾರನ್ನು ಬೈದಳೋ, ಅವನು ಕಣ್ಣು ಮುಚ್ಚಿ ನಿಂತಿದ್ದ. ಮುದುಕ ಕುಂಟುತ್ತ ಇಳಿದು ಬಂದು, ನೀವು ಕೂತುಕೊಳ್ಳಿ ಅಮ್ಮಾ, ನಾನು ತರುತ್ತೇನೆ ಎಂದ. ನೀನು ಆ ಕಾಲಿನಲ್ಲಿ ಬಾವಿಗೆ ಇಳಿದರೆ ಕೊಡವನ್ನಲ್ಲ, ನಿನ್ನನ್ನು ಹೊತ್ತು ತರಬೇಕಾಗುತ್ತದೆ ಎಂದಳು ತಾಯಿ. ಇಬ್ಬರೂ ನಕ್ಕರು. ಅವಳೇ ಇಳಿದಳು.

ಅವಳು ನೀರು ತಂದು ಸುರಿಯುವ ಹೊತ್ತಿಗೆ ಮೀನು ಮಾರುವ ಹೆಂಗಸರು ಬಂದರು. ಸೊಂಟದಲ್ಲಿ ಮಕ್ಕಳು, ತಲೆಯ ಮೇಲೆ ಖಾಲಿ ಬುಟ್ಟಿಗಳು. ಅವರು ತುಂಬಿದ ಕಲ್ಮರಿಗೆಯನ್ನು ಕಂಡು ಕಾಲು ತೊಳೆದರು, ಮಕ್ಕಳ ಕಾಲು ತೊಳೆದರು. ಹಿಂದಿನವರು ತುಂಬಿಟ್ಟದ್ದು ಎಂದೇ ಅವರು ತಿಳಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ತಾಯಿ ಬೇಡ ಎನ್ನಲಿಲ್ಲ. ಒಂದು ಮಗುವಿನ ಕಾಲಿಗೆ ತಾನೇ ನೀರು ಹಾಕಿದಳು. ಅವರು ಒಳಗೆ ಹೋದರು. ಅವರು ಹೊರಗೆ ಬಂದು ತುಂಬುವವರೆಗೆ ಕಾಯಬಹುದಿತ್ತು. ಆದರೆ ಮಗ ಬಂದುಬಿಡುತ್ತಾನೆ ಎಂಬ ಭಯ ಅವಳಿಗೆ. ಮತ್ತೆ ಕೊಡ ಎತ್ತಿಕೊಂಡಳು. ಮೇಲೆ ಹತ್ತಿ ಬರುವಾಗ ಮಗ ಮೆಟ್ಟಿಲ ಬಳಿ ನಿಂತು ಆಚೀಚೆ ನೋಡುತ್ತಿದ್ದ.

ಎಲ್ಲಿ ಹೋಗಿದ್ದೆ ಅಮ್ಮ, ನಿನ್ನನ್ನು ಹುಡುಕುವುದರಲ್ಲಿ ಹೊತ್ತು ಹೋಯಿತು ಎಂದ. ಅವಳ ಸೊಂಟದಲ್ಲಿದ್ದ ಕೊಡವನ್ನು ನೋಡಿದ. ಇಲ್ಲಿಯವರ ಕೆಲಸ ನೀನು ಯಾಕೆ ಮಾಡುತ್ತೀ ಎಂದ. ಕೊಡವನ್ನು ಇಳಿಸಿಕೊಳ್ಳಲಿಲ್ಲ.

ಮುದುಕ ಮೇಲಿನಿಂದ ಹೇಳಿದ: "ಅಣ್ಣಾ, ತಾಯಿಯನ್ನು ಒಂದು ಗಳಿಗೆ ಒಳಗೆ ಕರೆದುಕೊಂಡು ಬನ್ನಿ."

ಬರುತ್ತೇವೆ, ಬರುತ್ತೇವೆ, ಇನ್ನೊಮ್ಮೆ ಬರುತ್ತೇವೆ ಎಂದು ವ್ಯಾಪಾರಿ ಕೈ ಮುಗಿದ. ಅವನು ವಿನಯವಂತ.

ಕಣಿವೆಯ ಆಚೆ ಒಂದು ನಾಗನ ಬನ, ಅದರ ಪಕ್ಕದಲ್ಲಿ ಗುಡಿ. ಅಲ್ಲಿಯೂ ಹಾಗೆಯೇ ಆಯಿತು. ತೆಂಗಿನ ತೋಟದ ನಡುವೆ ಚಿಕ್ಕದೊಂದು ಮಸೀದಿ. ಅಲ್ಲಿಯೂ ಹಾಗೆಯೇ ಆಯಿತು. ಮಗ ಮುಂದೆ ಹೋಗಿ ತೊಳೆದು ಬರಿದು ಮಾಡುತ್ತಿದ್ದ. ತಾಯಿ ಹಿಂದೆ ಬಂದು ಸೇದಿ ತುಂಬುತ್ತಿದ್ದಳು. ಅವಳು ತುಂಬಿ ಮುಗಿಸುವ ಹೊತ್ತಿಗೆ ಅವನು ಮುಗಿಸಿ ಬರುತ್ತಿದ್ದ. ಒಂದು ಕಡೆ ಅವಳು ಕಾಲು ತೊಳೆಯದೆಯೇ ಮೆಟ್ಟಿಲ ಬಳಿ ನಿಂತು ಒಳಗೆ ಇಣುಕಿದಳು. ಕಂಡದ್ದು ಮಗನ ಬೆನ್ನು.

ದಾರಿಯಲ್ಲಿ ವ್ಯಾಪಾರಿ ಸಂತೋಷದಿಂದಿದ್ದ. ಎಷ್ಟು ವರ್ಷದ ಹರಕೆ, ಒಂದೇ ದಿನದಲ್ಲಿ ತೀರುತ್ತಿದೆ ನೋಡು ಎಂದ. ತಾಯಿ ನಿಂತು ಮಂಡಿ ಒತ್ತಿಕೊಂಡಳು. ದಣಿದಿದ್ದಾಳೆ ಎಂದುಕೊಂಡು ಅವನು ಅವಳ ಮೇಲಿನ ಕನಿಕರದಿಂದ ಇನ್ನೂ ವೇಗವಾಗಿ ನಡೆದ.

ಕೊನೆಗೆ ಬಂದದ್ದು ಬಂಡೆಯ ಮೇಲಿನ ಶಿವನ ಗುಡಿ. ಅಲ್ಲಿಂದ ಸಮುದ್ರ ಕಾಣುತ್ತಿತ್ತು. ನೀರು ಇಳಿಯಲು ಶುರುವಾಗಿತ್ತು. ವ್ಯಾಪಾರಿ ಓಡಿ ಹತ್ತಿ ಕಲ್ಮರಿಗೆಯಲ್ಲಿ ಚಿಪ್ಪು ಹಾಕಿದ. ಚಿಪ್ಪು ಕಲ್ಲಿಗೆ ತಾಗಿತು. ಅವನಿಗಿಂತ ಮೊದಲು ಬಂದ ಯಾರೋ ಅವನ ಹಾಗೆಯೇ ಮಾಡಿ ಹೋಗಿದ್ದರು.

ಅವನಿಗೆ ಸಿಟ್ಟು ಬಂತು. ಎಂಥ ಜನ ಇವರು ಎಂದ. ದೂರದಿಂದ ಬಂದವರು ಕಾಲು ತೊಳೆಯಬೇಕು ಎಂಬ ಯೋಚನೆಯೂ ಇಲ್ಲ, ಒಂದು ಕೊಡ ನೀರು ತುಂಬಿಡಲು ಇವರಿಗೇನು ರೋಗ ಎಂದ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ತಾಯಿ ಹತ್ತಿ ಬಂದ ಮೇಲೆ ಅವಳಿಗೆ ಅದನ್ನೇ ಮತ್ತೊಮ್ಮೆ ಹೇಳಿದ.

ತಾಯಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಅವನು ಸಮುದ್ರವನ್ನು ನೋಡುತ್ತಿದ್ದ. ಅವಳು ಕೊಡ ಎತ್ತಿಕೊಂಡು ಇಳಿದಳು.

ಬಂಡೆಯ ಕೆಳಗಿನ ಬಾವಿ ಎಲ್ಲಕ್ಕಿಂತ ಆಳ. ಅವಳು ತಿರುಗಿ ಬರುವುದು ತಡವಾಯಿತು. ಬಂದಾಗ ಅವನು ಅವಳ ಕೈಯಿಂದ ಕೊಡವನ್ನು ತೆಗೆದುಕೊಂಡ. ಕಲ್ಮರಿಗೆಗೆ ಹಾಕಲಿಲ್ಲ, ನೇರವಾಗಿ ಕಾಲಿಗೆ ಸುರಿದುಕೊಂಡ. ಇದು ಕೊನೆಯ ಗುಡಿ, ಇಲ್ಲಿ ಅರ್ಧ ಮಡಿ ಆಗಬಾರದು ಎಂದು ತಲೆಗೂ ಸುರಿದುಕೊಂಡ. ನೀರು ಯಾರು ತಂದರು ಎಂದು ಅವನಿಗೆ ಗೊತ್ತಿತ್ತು. ತನ್ನ ತಾಯಿ, ತಂದಳು. ಅದರಲ್ಲಿ ಯೋಚಿಸುವಂಥದ್ದು ಏನೂ ಅವನಿಗೆ ಕಾಣಲಿಲ್ಲ. ಖಾಲಿ ಕೊಡವನ್ನು ಕೆಳಗಿಟ್ಟು ಒಳಗೆ ಹೋದ. ತಾಯಿಯ ಹರಕೆಯನ್ನು ತೀರಿಸಿದ.

ತಾಯಿ ಕೆಳಗಿನ ಮೆಟ್ಟಿಲಿನ ಮೇಲೆ ಕೂತಳು. ಅಲ್ಲಿಂದ ಬಾಗಿಲು ಕಾಣುತ್ತಿತ್ತು. ಬಾಗಿಲಿನ ಒಳಗೆ ಒಂದು ಕಂಬ ಕಾಣುತ್ತಿತ್ತು. ದೀಪ ಕಂಬದ ಆಚೆ ಇತ್ತು. ಸ್ವಲ್ಪ ಹೊತ್ತು ಕೂತು, ಅವಳು ಎದ್ದಳು. ಇನ್ನೊಮ್ಮೆ ಬಾವಿಗೆ ಹೋಗಿ ಬಂದು ಕಲ್ಮರಿಗೆಯನ್ನು ತುಂಬಿದಳು. ತನಗೆಂದು ಅಲ್ಲ. ಅವಳಿಗೆ ಇನ್ನು ಮೆಟ್ಟಿಲು ಹತ್ತುವ ಶಕ್ತಿ ಇರಲಿಲ್ಲ. ಬರಿದು ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲ, ಅಷ್ಟೇ.

ಅವರು ದಡಕ್ಕೆ ಬಂದಾಗ ದೋಣಿ ಇನ್ನೂ ನೀರಿನಲ್ಲಿತ್ತು. ಅಂಬಿಗ ತಾಯಿಗೆ ಕೈ ಕೊಡಲು ಬಂದ. ವ್ಯಾಪಾರಿ ಅವನನ್ನು ತಡೆದು, ನಾನೇ ಹತ್ತಿಸುತ್ತೇನೆ ಎಂದು ತಾಯಿಯ ಕೈ ಹಿಡಿದ. ಆ ದಿನ ಅವನು ಅವಳ ಕೈ ಹಿಡಿದದ್ದು ಅದೇ ಮೊದಲು. ಅಂಗೈ ಒದ್ದೆಯಾಗಿತ್ತು. ತಿರುಗಿಸಿ ನೋಡಿದ. ಚರ್ಮ ಸುಲಿದು ಕೆಂಪಾಗಿತ್ತು.

"ಅಮ್ಮ, ಇದೇನು ಕೈ ಹೀಗಾಗಿದೆ?" ಎಂದ.

"ಗುಡಿಯ ಬಾವಿಗೂ ಮಸೀದಿಯ ಬಾವಿಗೂ ಹಗ್ಗ ಒಂದೇ ಮಗಾ. ನಾನು ನೋಡಿ ಬಂದದ್ದು ಅದನ್ನೇ" ಎಂದಳು ತಾಯಿ.

ವ್ಯಾಪಾರಿಗೆ ಆಗ ಅರ್ಥವಾಯಿತು. ಅವನು ಮೂರ್ಖನಲ್ಲ ಎಂದು ನಾನು ಮೊದಲೇ ಹೇಳಬೇಕಿತ್ತು. ಅವಳು ಯಾವ ಮನೆಯ ಒಳಗೂ ಹೋಗಲಿಲ್ಲ, ಕೈ ಹಿಡಿದು ನಿಲ್ಲಲಿಲ್ಲ, ಹರಕೆ ಹಾಗೆಯೇ ಇದೆ ಎಂದು ತಿಳಿಯಿತು. ಅವನ ಮುಖ ಸಣ್ಣದಾಯಿತು.

ಅಂಬಿಗ ಇದನ್ನೆಲ್ಲ ನೋಡಿದ. ಇಂಥವರನ್ನು ದಾಟಿಸಿ ದಾಟಿಸಿ ಅವನೂ ಬೇಸತ್ತಿದ್ದ. ಆದರೂ ಹುಟ್ಟನ್ನು ಕೆಳಗಿಟ್ಟ. ಅಮ್ಮನವರ ಗುಡಿ ಇಲ್ಲೇ ಇದೆ, ಸಂಜೆಯ ಬಾಗಿಲು ತೆಗೆದಿದ್ದಾರೆ ಎಂದ. "ಹೋಗಿ ಬನ್ನಿ ಸಾಹುಕಾರರೇ. ಒಂದು ಮನೆಯಾದರೂ ಆಗಲಿ. ಅಷ್ಟು ನೀರು ಇನ್ನೂ ಇದೆ."

ತಾಯಿ ಗುಡಿಯ ಕಡೆ ನೋಡಿದಳು. ಅವಳ ಕೈ ಇನ್ನೂ ಮಗನ ಕೈಯಲ್ಲಿತ್ತು.

ವ್ಯಾಪಾರಿ ನೀರನ್ನು ನೋಡಿದ. ಆಕಾಶವನ್ನು ನೋಡಿದ. ಮೋಡ ಕಟ್ಟುತ್ತಿತ್ತು. ಅಂಗಡಿಯಲ್ಲಿ ಸಾಮಾನು ಹೊದಿಸದೆ ಬಂದದ್ದು ನೆನಪಾಯಿತು. ತಾಯಿಯ ನಡಿಗೆ ಎಷ್ಟು ನಿಧಾನ ಎಂಬುದೂ ನೆನಪಾಯಿತು.

"ಬೇಡ, ಕೈ ಬೇರೆ ನೋಯುತ್ತಿದೆ ಅವಳಿಗೆ. ಮಳೆಗಾಲ ಕಳೆದ ಮೇಲೆ ಬಂದು ಮುಗಿಸಿಬಿಡೋಣ" ಎಂದ.

ತಾಯಿ ತನ್ನ ಕೈಯನ್ನು ಬಿಡಿಸಿಕೊಂಡು, ಅಂಬಿಗನ ಭುಜ ಹಿಡಿದು ದೋಣಿ ಹತ್ತಿದಳು.

ಮಳೆಗಾಲ ಕಳೆಯಿತು. ಅಷ್ಟರಲ್ಲಿ ತಾಯಿ ಹೋಗಿದ್ದಳು.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿ ಹುಣಸೆಹಣ್ಣಿನ ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು.

ಶಿಷ್ಯನ ಕಣ್ಣಿನಲ್ಲಿ ನೀರು ಬಂದಿತ್ತು. ಅವನಿಗೆ ವ್ಯಾಪಾರಿಯ ಮೇಲೆ ಬಹಳ ಸಿಟ್ಟು ಬಂದಿತ್ತು. ಒಂದು ಗಳಿಗೆ ಗುಡಿಗೆ ಹೋಗಿ ಬಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದ. ಅದಿರಲಿ, ಬೆಳಗ್ಗೆಯೇ ಒಂದು ಸಲ ಹಿಂದೆ ತಿರುಗಿ ನೋಡಿದ್ದರೆ ಸಾಕಿತ್ತಲ್ಲ ಎಂದ. ಹೆತ್ತವಳು ನೀರು ಹೊತ್ತು ಹೊತ್ತು ಸಾಯುತ್ತಿರುವಾಗ ಒಳಗೆ ಕಣ್ಣು ಮುಚ್ಚಿ ನಿಂತಿದ್ದನಲ್ಲ, ಅಂಥ ಕುರುಡರೂ ಇರುತ್ತಾರೆಯೇ ಗುರುಗಳೇ ಎಂದು ಕೇಳಿದ. ಆಮೇಲೆ ಕಣ್ಣು ಒರೆಸಿಕೊಂಡು, ಕತೆ ಚೆನ್ನಾಗಿತ್ತು, ಆದರೆ ನಾನು ಬಿಟ್ಟದ್ದು ಯಾವುದು ಎಂದು ನೀವು ಹೇಳಲೇ ಇಲ್ಲ ಎಂದ.

ಗುರು ಒಂದು ಬೀಜ ತೆಗೆದು ಪಕ್ಕಕ್ಕೆ ಹಾಕಿದರು.

"ಹೊರಗೆ ಬಾವಿಯ ರಾಟೆ ಮತ್ತೆ ತಿರುಗುತ್ತಿದೆಯಲ್ಲ, ಅದು ಯಾರು?"

ಬರೆದು ಬರೆದು ನನ್ನ ಕೈ ಸೋತಿತು. ಇನ್ನು ಉಳಿದದ್ದು ಒಂದೇ ಸಾಲು, ಮೇದಿನಿ, ಅದನ್ನು ನೀನು ಬರೆ. ಅವನು ಏನು ಉತ್ತರ ಹೇಳಿದ ಎಂದು ನನ್ನನ್ನು ಕೇಳಬೇಡ. ಶಿಷ್ಯ ಬಾಗಿಲ ಕಡೆ ನೋಡಿದ ಎಂದು ಬರೆ.